ಹಾಜರಿ ಪುಸ್ತಕದ ಕೊನೆಯ ಪುಟ

ಸೇತುವೆ ದಾಟಿದರೆ ಸಾಕು, ಲುವಾಂಗ್ವಾ ಕಾಡು.
ನಮ್ಮ ಶಾಲೆಯ ಕಿಟಕಿಗೆ ಅದರ ಹುಣಸೆಮರಗಳು ಕಾಣುತ್ತವೆ.
ನನ್ನ ಐದನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ
ಒಬ್ಬರೂ ಅಲ್ಲಿಗೆ
ನೋಡಲೆಂದು ಹೋದವರಲ್ಲ.

ಅದಕ್ಕೇ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತೇನೆ:
ಲಾರಿ, ಹತ್ತಿ ಕಂಪನಿಯದು. ಡೀಸೆಲ್ ನಮ್ಮದು.
ಓಡಿಸುವ ಫ್ಯಾನ್‌ವೆಲ್‌ಗೆ ಒಂದು ಹುಂಜ.
ತಿಂಗಳು ಸೆಪ್ಟೆಂಬರ್. ಹುಲ್ಲು ಒಣಗಿ, ಹೊಳೆ ಬಡವಾಗಿ
ಇದ್ದಬದ್ದ ಮೃಗವೆಲ್ಲ ನೀರಿಗೆ ಇಳಿಯುವ ಕಾಲ.
ಹೊರಡುವುದು ಐದಕ್ಕೆ;
ಬಿಸಿಲೇರಿದರೆ ಸಿಂಹ ಬರೀ ಪೊದೆ, ಅನ್ನುತ್ತಾನೆ ಗಾರ್ಡ್ ಯೊಬೆ.
ಬೇಯಿಸಿದ ಗೆಣಸು, ಕಡಲೆಕಾಯಿ, ನೀರಿನ ಕ್ಯಾನು ನಾಲ್ಕು.
ದುರ್ಬೀನು ಒಂದು, ಸಿಕ್ಕರೆ.
ಕ್ಯಾಂಪಿನಲ್ಲಿ ಬಟ್ಟೆ ಒಗೆಯುವ ಲಿಸಿನೆಟಿ ಹೇಳಿದಳು,
ಯಾರೋ ಬಿಟ್ಟುಹೋದದ್ದು ಇದೆಯಂತೆ,
ಎಡಗಣ್ಣು ಮಾತ್ರ ಕಾಣುವಂಥದು.

'ಗಾಢ ಬಣ್ಣದ ಅಂಗಿ ಬೇಡ' ಎಂದು ಬರೆದು
ಹೊಡೆದುಹಾಕಿದೆ.
ಇರುವುದೊಂದು ಅಂಗಿ; ಅದಕ್ಕೆ ಬಣ್ಣ ಆರಿಸುವುದುಂಟೆ?

ಗೇಟಿನ ದಪ್ಪ ಪುಸ್ತಕದಲ್ಲಿ ಒಂದು ಕಲಮು:
ಎಲ್ಲಿಂದ ಬಂದಿರಿ?
ಜರ್ಮನಿ, ಜಪಾನು, ಮತ್ತೆ ಜರ್ಮನಿ.
ನಾವೇನು ಬರೆಯುವುದು? ಆಚೆ ದಡ?

ಆನೆ ತೋರಿಸುತ್ತೇನೆ ಅಂದದ್ದೇ ತಡ, ತರಗತಿ ಗೊಳ್ಳೆಂದಿತು.
"ಟೀಚರ್, ಅದಕ್ಕೆ ಲಾರಿ ಯಾಕೆ?
ಮಾರ್ಚಿನಲ್ಲಿ ತಾನೇ ನಡೆದು ಬರುತ್ತದಲ್ಲ!"
ಬರುತ್ತದೆ, ನಿಜ. ಮುಸುಕಿನ ಜೋಳ ಹಾಲುಗಟ್ಟಿದ ರಾತ್ರಿ
ಲದ್ದಿಗೆ ಮೆಣಸಿನಪುಡಿ ಕಲಸಿ ತಟ್ಟಿದ ಬೆರಣಿ ಹೊಗೆಯಾಡುತ್ತ
ಡಬ್ಬ ಬಡಿಯುತ್ತ ಕೆಮ್ಮುತ್ತ ಓಡುತ್ತೇವೆ ನಾವು.
ಕತ್ತಲೆಯೇ ಒಂದಿಷ್ಟು ಕದಲಿದ ಹಾಗೆ.
ಬೆಳಿಗ್ಗೆ ನೋಡಿದರೆ ಕಣಜದ ಬೆನ್ನು ಮುರಿದಿರುತ್ತದೆ.

ನಗು ನಿಂತ ಮೇಲೆ ತಿಸೌಕೆ ಕೇಳಿದಳು
(ಅವಳ ಅಜ್ಜ ಅಂಥದೊಂದು ರಾತ್ರಿ ಮರಳಲಿಲ್ಲ):
"ಹಗಲು ಹೊತ್ತು ಅದು ಏನು ಮಾಡುತ್ತದೆ ಟೀಚರ್?"
ಪಾಠದ ಪುಸ್ತಕದಲ್ಲಿ ಅದರ ತೂಕವಿದೆ,
ಹಲ್ಲಿನ ಲೆಕ್ಕವಿದೆ.

ಒಪ್ಪಿಗೆ ಚೀಟಿಗೆ ಕೊನೆಗೆ ಬಂದವನು ಮಲಿಜಾನಿಯ ಅಪ್ಪ.
ಉರುಳಿನ ತಂತಿಗೆಂದು ಚಿಪಾಟಾ ಜೈಲಿನಲ್ಲಿ ಮೂರು ವರ್ಷ ಕೂತು ಬಂದವ.
ಹೆಬ್ಬೆಟ್ಟು ಒತ್ತಿ, ಪ್ಯಾಂಟಿಗೆ ಒರೆಸಿಕೊಂಡು
ಬಾಗಿಲವರೆಗೆ ಹೋದವನು ತಿರುಗಿದ:
"ನೀರಾನೆ ಮಡುವಿನ ಬಲಕ್ಕೆ ಒಂದು ಜಿರಾಫೆ ಇತ್ತು,
ಹಿಂಗಾಲು ಎಳೆಯುವುದು.
ಇದೆಯಾ ನೋಡಲು ಹೇಳಿ ಹುಡುಗನಿಗೆ.
ನಾನು ಕೇಳಿದೆ ಅನ್ನಬೇಡಿ."

ನೋಡಬೇಕಾದವು:
ಆನೆ, ಹಗಲಿನದು.
ಜಿರಾಫೆ, ಕುಂಟುವುದು.
ಡೀಸೆಲ್ ಇನ್ನೂ ಒಂಬತ್ತು ಲೀಟರ್ ಸಾಲದು.