ಹಿಂಹೊಲಿಗೆ

ಪೋಲೆಂಡಿನ ವುಚ್ ಪಟ್ಟಣದಲ್ಲಿ
ನೂಲಿನ ಗಿರಣಿಗಳು ಮುಚ್ಚಿ ಮಾಲುಗಳಾದ ಮೇಲೂ
ಮೂರನೇ ಮಹಡಿಯ ಕಿಟಕಿಗೆ ಬೆನ್ನು ಹಾಕಿ
ಬೊಗುಮಿವಾ ಕಸೂತಿ ಹಾಕುತ್ತಾಳೆ:
ಜ್ಞಾನಸ್ನಾನದ ಬಿಳಿ ಅಂಗಿಗೆ ಮಗುವಿನ ಹೆಸರು,
ಬೆಂಕಿ ಆರಿಸುವವರ ಜಾಕೆಟಿಗೆ ಕೊಡಲಿ,
ಹೋಟೆಲಿನ ಟವೆಲಿಗೆ ಎರಡು ಕೊಕ್ಕರೆ.

ಆರು ವರ್ಷದ ಹಿಂದೆ ಕೊಂಡ ಯಂತ್ರ,
ಗಂಡನ ಹಳೇ ಕಾರು ಮಾರಿ, ಮೇಲಿಷ್ಟು ಸೇರಿಸಿ.
ಪೆಟ್ಟಿಗೆಯ ಮೇಲೆ ಬಂಗಾರದ ಅಕ್ಷರ:
ನಾಲ್ಕು ಸಾವಿರ ವಿನ್ಯಾಸ, ಆಜೀವ ಉಚಿತ.
ಆ ಪೆಟ್ಟಿಗೆಯನ್ನು ಅವಳು ಎಸೆದಿಲ್ಲ,
ಅದರಲ್ಲೀಗ ಚಳಿಗಾಲದ ಬೂಟುಗಳಿವೆ.

ನಾನು ಫೋನಿನ ಈಚೆ ಬದಿಯವನು.
ಕಿವಿಗೆ ಹೆಡ್‌ಫೋನು, ಕಣ್ಣೆದುರು ಉತ್ತರಗಳ ಪಟ್ಟಿ.
ಮಂಗಳವಾರ ಬೆಳಿಗ್ಗೆ ಅವಳ ಕರೆ ಬಂತು:
"ಕೊಕ್ಕರೆಗಳಿಗೆ ಬೀಗ ಬಿದ್ದಿದೆ,
ತಿಂಗಳಿಗೆ ನಲವತ್ತೊಂಬತ್ತು ಝ್ಲೋಟಿ ಕೇಳುತ್ತಿದೆ."

ಪಟ್ಟಿ ನೋಡಿ ಓದಿದೆ:
ಮಾನ್ಯರೇ, ಆಜೀವ ಎಂದರೆ ಉತ್ಪನ್ನದ ಜೀವ.
ಉತ್ಪನ್ನದ ಜೀವ ಎಂದರೆ ಐದು ವರ್ಷ.
ಈ ಅರ್ಥವು ಮೊದಲ ದಿನದಿಂದಲೇ ಅನ್ವಯ.

"ಮೊದಲ ದಿನ ಅದು ಇರಲಿಲ್ಲವಲ್ಲ?"
ಇರಲಿಲ್ಲ.
ಈಗ ಇತ್ತು.

"ಸತ್ತಿದೆಯಾ ನೀನೇ ಕೇಳು" ಎಂದು
ಫೋನನ್ನು ಯಂತ್ರದ ಪಕ್ಕ ಹಿಡಿದಳು.
ಟಕ ಟಕ ಟಕ ಟಕ
ಹೋದ ವರ್ಷವೇ ಸತ್ತದ್ದು ನನ್ನ ಕಿವಿಯಲ್ಲಿ
ಚೆನ್ನಾಗಿಯೇ ಉಸಿರಾಡುತ್ತಿತ್ತು.

ನೀವು ಒಪ್ಪಿದ್ದೀರಿ, ಎಂದೆ. ಪಟ್ಟಿಯಲ್ಲಿ ಏಳನೆಯದು.
"ಯಾವಾಗ?"
ಫೆಬ್ರವರಿಯಲ್ಲಿ, ರಾತ್ರಿ ಹನ್ನೊಂದೂ ನಲವತ್ತಕ್ಕೆ.
ಮದುವೆಯ ಆರ್ಡರು ಅರ್ಧ ಆಗಿತ್ತಂತೆ,
ಒಪ್ಪಿಗೆ ಒತ್ತದೆ ಸೂಜಿ ಕೆಳಗಿಳಿಯಲಿಲ್ಲವಂತೆ.
ಗಂಟೆ ನಿಮಿಷ ನನ್ನ ಪರದೆಯಲ್ಲಿತ್ತು,
ಮದುವೆಯ ಸಂಗತಿ ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು:
ಅದು ಬಾಯಿ ಇದ್ದವರ ಕಾನೂನು.
ಕಂಪನಿ ಆಡಿದ್ದನ್ನು ನುಂಗಿ
ಬೇರೊಂದನ್ನು ಅದೇ ಹಳೇ ತಾರೀಖಿನಲ್ಲಿ ಆಡುತ್ತದೆ.
ಒಡೆದ ಮುತ್ತು ಮಾತ್ರ
ಕೊಂಡವರ ಮಡಿಲಿಗೆ.

"ಹಿಂಹೊಲಿಗೆ ನನಗೂ ಗೊತ್ತು" ಎಂದಳು.
"ಸೂಜಿ ಒಂದು ಹೆಜ್ಜೆ ಹಿಂದೆ ಹೋಗುವುದು
ಹಾಕಿದ್ದನ್ನು ಭದ್ರ ಮಾಡಲಿಕ್ಕೆ.
ಹಿಂದೆ ಹೋಗಿ ಕತ್ತರಿಸುವ ಹೊಲಿಗೆ
ನಿಮ್ಮಲ್ಲೇ ಮೊದಲು ಕಂಡೆ."

ಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಟವೆಲು ನೂರ ಇಪ್ಪತ್ತು, ಗುರುವಾರಕ್ಕೇ ಕೊಡಬೇಕು.
ಕಟ್ಟಿದಳು ನಲವತ್ತೊಂಬತ್ತು.
ಬೇರೇನಾದರೂ ಸಹಾಯ ಬೇಕೆ, ಎಂದೆ, ಅದನ್ನೂ ಓದಿಯೇ.
"ಬೇಡ. ಹೊಲಿಗೆ ಬಿಚ್ಚಿದರೂ
ಬಟ್ಟೆಯಲ್ಲಿ ತೂತು ಉಳಿಯುತ್ತೆ, ಮಗು.
ಬೆಳಕಿಗೆ ಹಿಡಿದರೆ
ಏನು ಬರೆದಿತ್ತೆಂದು ಓದಬಹುದು."

ಆ ರಾತ್ರಿ ಕಪಾಟು ತಡಕಾಡಿ
ನನ್ನ ಕೆಲಸದ ಕರಾರು ಹೊರತೆಗೆದೆ.
ಖಾಯಂ, ಎಂದಿತ್ತು.
ಅಡುಗೆಮನೆಯ ಬಲ್ಬಿನ ಕೆಳಗೆ ನಿಂತು
ಅದನ್ನೂ ಒಮ್ಮೆ
ಬೆಳಕಿಗೆ ಹಿಡಿದೆ.