ಹೊಸ್ತಿನ ತೆನೆ

ಮೂಡಣ ಮಕ್ಕಿಗದ್ದೆಗೆ ಈ ಮಳೆಗಾಲ ನೇಗಿಲು ಇಳಿಯಲಿಲ್ಲ.
ಇಳಿದದ್ದು ಹಾರೆ. ಮಾರಿಗೊಂದು ಕುಣಿ,
ಕುಣಿಗೊಂದು ಗಾಳಿಮರದ ಸಸಿ,
ಕಪ್ಪು ಪ್ಲಾಸ್ಟಿಕ್ ಕೊಟ್ಟೆ ಹರಿದು ಬಿಡಿಸಿದ್ದು.
ಅಂಕೋಲೆಯ ನರ್ಸರಿಯವ ಎಣಿಸಿ ಕೊಟ್ಟದ್ದು ನಾನೂರು,
ಟೆಂಪೋದಲ್ಲಿ ಬಾಡಿದ್ದು ಹನ್ನೊಂದು.

ನೆಟ್ಟಿ ಅಂದರೆ ಹಾಡಬೇಕು ನಾವು.
ಈ ಸಸಿಗೆ ಯಾವ ಹಾಡು ಎಂದು ತಿಳಿಯದೆ
ಸುಮ್ಮನೆ ಬುಡದ ಮಣ್ಣು ತುಳಿದೆ.
ನನ್ನ ಗಂಡ ಹಮ್ಮು ಗೌಡ
ಮೊದಲೇ ಮಾತು ಕಡಿಮೆ.

ಯಾಕೆ ಅಂದರೆ ಏನು ಹೇಳಲಿ?
ಹಂದಿ ಬಂತು, ನವಿಲು ಬಂತು,
ಬಗ್ಗಿ ನೆಡುವ ಬೆನ್ನು ಮಾತ್ರ ಬರಲಿಲ್ಲ.
ಬಂದ ಇಬ್ಬರಿಗೆ ಕೂಲಿ, ಚಾ, ಮಧ್ಯಾಹ್ನಕ್ಕೆ ಮೀನುಸಾರು.
ಮಗಳು ಗಣಿತದ ಪಟ್ಟಿಯ ಕೊನೇ ಹಾಳೆಯಲ್ಲಿ
ಎಲ್ಲ ಕೂಡಿಸಿ, ಕಳೆದು, ಹೇಳಿದಳು:
ಬೆಳೆದ ಅಕ್ಕಿಗಿಂತ ಕೊಂಡ ಅಕ್ಕಿ ಅಗ್ಗ.
ಕೆಳಗೆ ಎರಡು ಗೆರೆ ಎಳೆದಿದ್ದಳು,
ಉತ್ತರ ಸರಿ ಬಂದಾಗ ಎಳೆಯುವ ಹಾಗೆ.

ಗಾಳಿಮರಕ್ಕೆ ಆರು ವರ್ಷ.
ಕಂಬಕ್ಕೆ, ಸಾರುವೆಗೆ, ಸೌದೆಗೆ, ಹೇಗೂ ಹೋಗುತ್ತದೆ,
ವ್ಯಾಪಾರಿ ತಾನೇ ಬಂದು ಕಡಿದು ಒಯ್ಯುತ್ತಾನಂತೆ.
ಆರು ವರ್ಷಕ್ಕೆ ಒಂದೇ ಕೊಯ್ಲು, ಅದೂ ನಮ್ಮ ಕೈಯದಲ್ಲ.
ಅಲ್ಲಿವರೆಗೆ ಈ ಕತ್ತಿ ಏನು ಮಾಡಬೇಕು?
ಮಾಡಿಗೆ ಸಿಕ್ಕಿಸಿದ್ದೇನೆ. ಆಗೀಗ ಇಳಿಸಿ
ಬಸಳೆ ಕೊಯ್ಯುತ್ತೇನೆ,
ಅದಕ್ಕೂ ಬೇಸರ ಬರಬಾರದಲ್ಲ.

ಹಮ್ಮು ಮಾತ್ರ ಕೋಳಿ ಕೂಗುವಾಗ ಎದ್ದು
ಈಗಲೂ ಗದ್ದೆಯ ಅಂಚಿಗೆ ಹೋಗುತ್ತಾನೆ.
ಕಟ್ಟಲು ನೀರಿಲ್ಲ, ಓಡಿಸಲು ಹಕ್ಕಿಯಿಲ್ಲ.
ಕೇಳಿದರೆ, ‘ಎಷ್ಟು ಬೆಳದದೆ ನೋಡ್ಕಂಡು ಬಂದೆ.’
ಒಂದು ರಾತ್ರಿಯಲ್ಲಿ ಎಷ್ಟು ಬೆಳೆದೀತು, ಪುಣ್ಯಾತ್ಮ!

ಹೊಸ್ತು ಬಂತು.
ಬಾಗಿಲಿಗೆ ತೆನೆ ಕಟ್ಟಬೇಕು, ತುಳಸಿಗೆ, ಒರಳಿಗೆ,
ಖಾಲಿಯಾದರೂ ಕಣಜಕ್ಕೆ.
ನಮ್ಮ ಗದ್ದೆಯಲ್ಲಿ ಇದ್ದದ್ದು ಸೂಜಿಯಂಥ ಹಸಿರು.
ಬೀರಮ್ಮನ ಗದ್ದೆ ತೂಗುತ್ತಿತ್ತು.
ನಾಲ್ಕು ತೆನೆ ಕೊಡೇ ಅಂತ ಕೇಳಿದೆ,
ಜೀವಮಾನದಲ್ಲಿ ಭತ್ತ ಕೇಳಿದವಳಲ್ಲ ನಾನು.

‘ಕೇಳಬೇಡ್ವೇ, ಕದ್ಕಂಡು ಹೋಗು,
ಹೊಸ್ತಿನ ತೆನೆ ಕೇಳಿ ತಕಂಡ್ರೆ ಫಲ ಇಲ್ಲ.
ನಾ ಆಚೆ ತಿರಗಿ ನಿಲ್ತೆ.’

ನಿಂತಳು, ಸೊಂಟಕ್ಕೆ ಕೈಯಿಟ್ಟು, ಸಮುದ್ರದ ಕಡೆ ಮುಖಮಾಡಿ.
ಕತ್ತಿಗೆ ಹಳೆಯ ಕೆಲಸ ನೆನಪಿತ್ತು.
ಏಳು ತೆನೆ ಸೆರಗಿಗೆ ಬಿದ್ದಾಗ
ತಿರುಗದೆಯೇ ಕೇಳಿದಳು:
‘ಆ ಸಸಿ, ಒಂದಕ್ಕೆ ಎಷ್ಟ್ ಬಿತ್ತೇ?’

ಎಂಟು ರೂಪಾಯಿ ಅಂದೆ.
ಅವಳ ಬೆರಳು ಸೊಂಟದ ಮೇಲೆ ಒಂದೊಂದಾಗಿ ಮಡಚುತ್ತಿದ್ದವು,
ಗುಂಟೆಗೆ ಎಷ್ಟು, ಒಟ್ಟು ಎಷ್ಟು.
ನಾನು ಕಂಡೂ ಕಾಣದ ಹಾಗೆ
ಅಂಚು ಹತ್ತಿ ಬಂದೆ.

ಆರು ತೆನೆ ಕಟ್ಟಿದೆ.
ಏಳನೆಯದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ,
ಬರುವ ಹೊಸ್ತಿಗೆ ಬೀರಮ್ಮ ಕದಿಯಲು ಬಂದರೆ ಇರಲಿ ಅಂತ.
ಆಚೆ ತಿರುಗಿ ನಿಲ್ಲಲು ನನಗೂ ಬರುತ್ತದೆ.
ಹಳೆಯ ತೆನೆ ಹೊಸ್ತಿಗೆ ನಡೆಯುತ್ತದೋ ಇಲ್ಲವೋ,
ಅದನ್ನು ಯಾರ ಹತ್ತಿರ ಕೇಳುವುದು?