ಒಗ್ಯಾಣದ ಕಲ್ಲು

ಡೋಣಿ ದಾಟಿ, ಗುಡ್ಡದ ಬುಡಕ್ಕೆ, ಹುಸೇನಬಿಯ ಹಿತ್ತಿಲಲ್ಲಿ
ನೆಲದಿಂದಲೇ ಎದ್ದ ಕಲ್ಲು. ತಂದು ಇಟ್ಟದ್ದಲ್ಲ.
ಮೂರು ದಿನ ಕಪ್ಪತಗುಡ್ಡ ಸುತ್ತಿ ನಮಗೆ ಸಿಕ್ಕದ್ದೆಲ್ಲ
ಬಿಸಿಲು ತಿಂದು ಒಳಗೇ ಹಳಸಿದ್ದು;
ಇದೊಂದು, ನಿತ್ಯ ಪೆಟ್ಟು ತಿಂದೂ
ಹೊಸ ಬೆಲ್ಲದ ಪೆಂಟೆಯಂತೆ ಗಟ್ಟಿ.

'ಒಂದು ತುಂಡು ಒಡೀಲೇನ್ರಿ?'
ಆಕೆ ಲುಂಗಿ ಹಿಂಡುತ್ತ ನನ್ನ ಸುತ್ತಿಗೆ ನೋಡಿದಳು.
'ಒಡೀರಿ. ಆ ಮೂಲಿಗೆ. ನಾ ಒಗಿಯೂ ಕಡೆ ಬ್ಯಾಡ.'

ಧಾರವಾಡಕ್ಕೆ ಒಯ್ದು ಪುಡಿ ಮಾಡಿದೆವು. ಜರಡಿ ಹಿಡಿದು,
ನೀರಲ್ಲಿ ತೂರಿ, ಆಯಸ್ಕಾಂತ ಆಡಿಸಿ,
ಹನ್ನೆರಡು ಕೇಜಿ ಕಲ್ಲಿಗೆ
ಉಗುರಿನ ಮೇಲೆ ನಿಲ್ಲುವಷ್ಟು ಜಿರ್ಕಾನ್.
ಸೂಕ್ಷ್ಮದರ್ಶಕದ ಕೆಳಗೆ, ಸೂಜಿಯ ತುದಿಯಿಂದ
ಒಂದೊಂದೇ ಎತ್ತಿ ಇಟ್ಟೆ: ಅರವತ್ತೊಂದು ಹರಳು.
ಅಕ್ಕಿ ಆರಿಸುವ ಕಣ್ಣಿದು, ಅವ್ವನ ಕಡೆಯಿಂದ ಬಂದದ್ದು.

ಹರಳಿನೊಳಗೆ ಯುರೇನಿಯಂ ಸೀಸವಾಗುತ್ತ ಕೂತಿರುತ್ತದೆ,
ಯಾರೂ ಕೇಳದ ಉದ್ರಿ ಲೆಕ್ಕ, ಪೈಸೆ ತಪ್ಪದೆ.
ನಡುಭಾಗ ಹುಟ್ಟಿದ ಕಾಲ ಹೇಳುತ್ತದೆ.
ಅಂಚಿನ ತೆಳು ಪದರ ಬೇರೆಯೇ ಹೇಳುತ್ತದೆ:
ಎಷ್ಟೋ ಕಾಲದ ಮೇಲೆ ಮತ್ತೆ ಕಾದದ್ದು, ಒತ್ತಿಸಿಕೊಂಡದ್ದು,
ಹಳೆಯ ಹೆಸರು ಒಳಗಿಟ್ಟುಕೊಂಡು
ಮದುವೆಯ ದಿನ ಅಕ್ಕಿಯಲ್ಲಿ ಬರೆದ ಹೆಸರಿಗೆ ಓಗೊಟ್ಟದ್ದು.

ಇನ್ನೂರೈವತ್ತೆಂಟು ಕೋಟಿ ವರ್ಷ. ಹೆಚ್ಚುಕಮ್ಮಿ ಎಪ್ಪತ್ತು ಲಕ್ಷ.

ಆ ಹೆಚ್ಚುಕಮ್ಮಿಯೊಳಗೇ ಮನುಷ್ಯಕುಲ ಪೂರ್ತಿ ಹಿಡಿಸಿ
ಇನ್ನೂ ಜಾಗ ಉಳಿಯುತ್ತದೆ.

ರಾತ್ರಿ ನಕಾಶೆಯ ಮೇಲೆ ಚುಕ್ಕಿ ಇಟ್ಟೆ:
ಇಲ್ಲಿ ಡೋಣಿ, ಇಲ್ಲಿ ಅತ್ತಿಕಟ್ಟಿ, ಇಲ್ಲಿ ಕಬಲಾಯತಕಟ್ಟಿ.
ಚುಕ್ಕಿಗಳು ಬಿಲ್ಲಾಗಿ ಬಾಗಿದವು, ಅಥವಾ
ನಿದ್ದೆಗಣ್ಣಿಗೆ ಹಾಗೆ ಕಂಡಿತು.
ಇಲ್ಲೊಂದು ಭೂಖಂಡದ ಅಂಚಿತ್ತು. ಅದರಡಿಗೆ ಕಡಲಿನ ತಳ
ತೊಯ್ದ ಕಂಬಳಿಯಂತೆ ಜಾರಿ, ಇಳಿದು, ಬೆಂದು,
ಮೇಲೆ ಸಾಲಾಗಿ ಬೆಂಕಿ ಕಾರುವ ಗುಡ್ಡಗಳು.
ನೋಡುವ ಕಣ್ಣಿರಲಿಲ್ಲ. ಹುಲ್ಲೂ ಇರಲಿಲ್ಲ.

ಆಷಾಢದಲ್ಲಿ ಹೋಗಿ ಹೇಳಿದೆ,
ಗುಡ್ಡದ ಮೇಲಿನ ಗಾಳಿಪಂಕಗಳ ಸದ್ದಿಗೆ ದನಿ ಏರಿಸಿ:
'ಇಲ್ಲಿ ಹಿಂದ ಸಮುದ್ರ ಇತ್ರಿ.'
ಎಂಟು ದಿನಕ್ಕೊಮ್ಮೆ ನೀರು ಬರುವ ನಳ ನೋಡಿದಳು,
ನಗಲಿಲ್ಲ.
'ಕಲ್ಲಿನ ವಯಸ್ಸು ಹೆಂಗ ಗೊತ್ತಾತು? ನನಗ ನಂದ ಗೊತ್ತಿಲ್ಲ.
ಆಧಾರದಾಗ ಜನವರಿ ಒಂದು ಅಂತ ಬರದಾರ.
ನಮ್ಮಮ್ಮಾ ಅಂತಿದ್ಲು, ಕೆರಿ ಒಡದ ವರ್ಷ, ಶೇಂಗಾ ಕೀಳೂ ಮುಂದ.'

ಚೀಟಿಯಲ್ಲಿ ಬರೆದುಕೊಂಡೆ.
ಹೆಚ್ಚುಕಮ್ಮಿ ಎಷ್ಟು ಎಂದು ಕೇಳಲಿಲ್ಲ.

ನಾನು ಒಡೆದ ಮೂಲೆಯಲ್ಲಿ
ಅಂಗೈಯಗಲ ತಗ್ಗು ಬಿದ್ದಿತ್ತು.
ಅದರಲ್ಲೀಗ ಸಾಬೂನು ಇಡುತ್ತಾಳೆ. ಜಾರುವುದಿಲ್ಲವಂತೆ.